ಕ್ಯಾಲ್‌ವರ್ಕ್ಸ್ ಅವಧಿ ಮುಗಿಯಿತು ಅಂತ ಪತ್ರ ಬಂದರೆ ಏನು ಮಾಡಬೇಕು

2016ರ ಅಕ್ಟೋಬರ್. ಮಕ್ಕಳಿಗೆ ಚಿತ್ರಾನ್ನ ಕಲಸಿಟ್ಟು ಟಪಾಲು ನೋಡಲು ಕೂತೆ. ಕೌಂಟಿಯಿಂದ, ಅಂದರೆ ಇಲ್ಲಿ ಕ್ಯಾಲಿಫೋರ್ನಿಯಾದ ಜಿಲ್ಲಾಡಳಿತದಿಂದ, ಒಂದು ಲಕೋಟೆ ಬಂದಿತ್ತು. ಕ್ಯಾಲ್‌ವರ್ಕ್ಸ್ ಅನ್ನುವ ನಗದು ನೆರವಿನ ನಿಮ್ಮ 48 ತಿಂಗಳು ಜನವರಿ 31ಕ್ಕೆ ಮುಗಿಯುತ್ತವೆ, ಫೆಬ್ರವರಿಯಿಂದ ನಿಮ್ಮ ಪಾಲಿನ ಹಣ ಬರುವುದಿಲ್ಲ ಅಂತ ಬರೆದಿತ್ತು. ದೊಡ್ಡವಳಿಗೆ ಆಗ ಏಳು ವರ್ಷ, ಚಿಕ್ಕವನಿಗೆ ಮೂರು ದಾಟಿತ್ತು. ನಾನು ಕಮ್ಯುನಿಟಿ ಕಾಲೇಜಿನಲ್ಲಿ ಪುಟ್ಟ ಮಕ್ಕಳ ಶಿಕ್ಷಣದ ಕೋರ್ಸ್ ಅರ್ಧ ಮುಗಿಸಿದ್ದೆ. ಅದು ಮುಗಿದರೆ ಪ್ರೀಸ್ಕೂಲಿನಲ್ಲಿ ಕೆಲಸ. ಮುಗಿಯದಿದ್ದರೆ ಮತ್ತೆ ಅಂಗಡಿಯಲ್ಲಿ ವಾರಕ್ಕೆ ಹದಿನೈದು ಗಂಟೆ.

ಆ ರಾತ್ರಿ ನಾನು ಪತ್ರವನ್ನು ಮಡಚಿ ಡ್ರಾಯರ್‌ನಲ್ಲಿ ಇಟ್ಟುಬಿಟ್ಟೆ. ಸರ್ಕಾರ ಎಣಿಸಿದ್ದು ಸರಿಯಾಗಿಯೇ ಇರುತ್ತದೆ ಅಂದುಕೊಂಡೆ. ಹಾಗಿರಲಿಲ್ಲ. ಅವರು ಎಣಿಸಿದ 48 ತಿಂಗಳಲ್ಲಿ 14 ತಿಂಗಳು ಲೆಕ್ಕಕ್ಕೇ ಬರಬಾರದಿತ್ತು. ಆ 14 ತಿಂಗಳು ನನಗೆ ವಾಪಸ್ ಸಿಕ್ಕವು. ಕೋರ್ಸ್ ಮುಗಿಯಿತು, ಕೆಲಸವೂ ಸಿಕ್ಕಿತು.

ಆಮೇಲಿಂದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಊರುಗಳಲ್ಲಿ, ಕನ್ನಡ ಮಾತಾಡುವ ಹೆಣ್ಣುಮಕ್ಕಳ ಜೊತೆ ಕೌಂಟಿ ಕಚೇರಿಗಳಿಗೆ ಹೋಗುತ್ತಿದ್ದೇನೆ. ನಾನು ವಕೀಲೆ ಅಲ್ಲ. ಹಾಸನ ಜಿಲ್ಲೆಯಿಂದ ಬಂದವಳು, ಪುಟ್ಟ ಮಕ್ಕಳಿಗೆ ಪಾಠ ಹೇಳುವವಳು. ಆದರೆ ಈ ದಾರಿಯಲ್ಲಿ ನಡೆದಿದ್ದೇನೆ, ಇತರರನ್ನೂ ನಡೆಸಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಯಾವ ಹಣ, ಯಾವ ಗಡಿಯಾರ

ಕ್ಯಾಲ್‌ವರ್ಕ್ಸ್ ಅಂದರೆ ಮಕ್ಕಳಿರುವ ಬಡ ಕುಟುಂಬಗಳಿಗೆ ಕ್ಯಾಲಿಫೋರ್ನಿಯಾ ಕೊಡುವ ನಗದು ನೆರವು. 1996ರಲ್ಲಿ ಅಮೆರಿಕದ ಸಂಸತ್ತು ಹಳೆಯ ನೆರವಿನ ಪದ್ಧತಿ ತೆಗೆದು ಹೊಸ ಕಾನೂನು ತಂದಿತು. ದೊಡ್ಡವರಿಗೆ ಜೀವಮಾನದಲ್ಲಿ ಒಟ್ಟು 60 ತಿಂಗಳು ಮಾತ್ರ, ಆ ಅವಧಿಯಲ್ಲಿ ಕೆಲಸ ಹುಡುಕಬೇಕು ಇಲ್ಲವೇ ಕಲಿಯಬೇಕು ಅನ್ನುವುದು ಅದರ ತಿರುಳು. ಕ್ಯಾಲಿಫೋರ್ನಿಯಾದಲ್ಲಿ ಎಣಿಕೆ ಶುರುವಾದದ್ದು 1998ರ ಜನವರಿಯಿಂದ. 2011ರ ಜುಲೈಯಲ್ಲಿ ರಾಜ್ಯ ಅದನ್ನು 48 ತಿಂಗಳಿಗೆ ಇಳಿಸಿತು. 2022ರ ಮೇ 1ರಿಂದ ಮತ್ತೆ 60 ಮಾಡಿತು. ಅಂದರೆ ಆ 48ರ ಕಾಲದಲ್ಲಿ ನಿಮ್ಮನ್ನು ಕೈಬಿಟ್ಟಿದ್ದರೆ, ಮನೆಯಲ್ಲಿ ಇನ್ನೂ 18 ತುಂಬದ ಮಗು ಇದ್ದರೆ, ಉಳಿದ ತಿಂಗಳುಗಳಿಗೆ ನೀವು ಮತ್ತೆ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದವರು ಇನ್ನೂ ಸಿಗುತ್ತಾರೆ.

60 ತಿಂಗಳು ಒಂದೇ ಸಮನೆ ಆಗಬೇಕಿಲ್ಲ. ಎರಡು ವರ್ಷ ತಗೊಂಡು, ಕೆಲಸ ಸಿಕ್ಕಿ ಬಿಟ್ಟು, ಐದು ವರ್ಷ ಆದಮೇಲೆ ಮತ್ತೆ ತಗೊಂಡರೂ ಎಣಿಕೆ ಮುಂದುವರಿಯುತ್ತದೆ. ಬೇರೆ ರಾಜ್ಯದಲ್ಲಿ ಇದೇ ಬಗೆಯ ನೆರವು ತಗೊಂಡಿದ್ದರೆ ಆ ತಿಂಗಳುಗಳೂ ಸೇರುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಹೆದರುವುದು ಇದಕ್ಕೇ. ಗಡಿಯಾರ, ಅಂದರೆ ಈ ತಿಂಗಳುಗಳ ಎಣಿಕೆ, ಇರುವುದು ದೊಡ್ಡವರಿಗೆ ಮಾತ್ರ. ನಿಮ್ಮ ಅವಧಿ ಮುಗಿದರೂ ಮನೆಯ ಆದಾಯ ಕಡಿಮೆಯೇ ಇದ್ದರೆ ಮಕ್ಕಳ ಪಾಲು 18 ವರ್ಷದ ತನಕ ಬರುತ್ತದೆ. ವೈದ್ಯಕೀಯ ನೆರವಿನ ಮೆಡಿ-ಕ್ಯಾಲ್ ಮತ್ತು ಆಹಾರದ ನೆರವಿನ ಕ್ಯಾಲ್‌ಫ್ರೆಶ್ ಬೇರೆ ಕಾರ್ಯಕ್ರಮಗಳು. ಈ ಗಡಿಯಾರ ನಿಂತಿತು ಅನ್ನುವ ಕಾರಣಕ್ಕೆ ಅವು ನಿಲ್ಲುವುದಿಲ್ಲ.

ವಿಸ್ತರಣೆ ಕೇಳುವ ಮೊದಲು ಎಣಿಸಿ

ಬಹಳ ಜನ ನೇರವಾಗಿ ಹೋಗಿ "ಇನ್ನೂ ಸ್ವಲ್ಪ ದಿನ ಕೊಡಿ" ಅಂತ ಬೇಡುತ್ತಾರೆ. ಅಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ "ಇಲ್ಲ". ಬೇಡುವ ಮುಂಚೆ ಲೆಕ್ಕ ಕೇಳಿ. ಇಲ್ಲಿ ಎರಡು ಬೇರೆ ಬೇರೆ ಬಾಗಿಲುಗಳಿವೆ. ಒಂದು ಎಕ್ಸೆಂಪ್ಷನ್. ಅಂದರೆ ಆ ತಿಂಗಳು ಹಣ ಬಂದಿದ್ದರೂ ಗಡಿಯಾರ ಓಡಬಾರದಿತ್ತು ಅನ್ನುವುದು. ಇನ್ನೊಂದು ಎಕ್ಸ್‌ಟೆಂಡರ್. ಅಂದರೆ 60 ನಿಜವಾಗಿಯೂ ಮುಗಿದಿದೆ, ಆದರೂ ಮುಂದುವರಿಸಲು ಕಾನೂನು ಒಪ್ಪುವ ಕಾರಣ ಇದೆ ಅನ್ನುವುದು. ಮೊದಲ ಬಾಗಿಲು ಅಗಲವಾಗಿದೆ. ಅದನ್ನು ತಟ್ಟದೆ ಎರಡನೆಯದಕ್ಕೆ ಹೋಗಬೇಡಿ.

ಕೇಸ್‌ವರ್ಕರ್‌ಗೆ, ಅಂದರೆ ನಿಮ್ಮ ಕಡತ ನೋಡಿಕೊಳ್ಳುವ ಕೌಂಟಿ ನೌಕರರಿಗೆ, ಬರವಣಿಗೆಯಲ್ಲಿ ಕೇಳಿ: ನನ್ನ ಎಣಿಕೆಯ ತಿಂಗಳುವಾರು ಪಟ್ಟಿ ಬೇಕು, ನನ್ನ ಕಡತ ನೋಡಬೇಕು. ನಿಮ್ಮ ಕಡತ ನೋಡುವುದು ನಿಮ್ಮ ಹಕ್ಕು. ಒಟ್ಟು ಸಂಖ್ಯೆ ಹೇಳಿದರೆ ಸಾಲದು, ಒಂದೊಂದು ತಿಂಗಳೂ ಬೇಕು. ನಾನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ವರ್ಷಗಳ ಮನೆ ಹಾಕಿದೆ. 48 ಚೌಕ. ಪ್ರತಿ ಚೌಕದಲ್ಲಿ ಆ ತಿಂಗಳು ನನಗೆ ಏನಾಗಿತ್ತು ಅಂತ ಬರೆದೆ. ಮಗು ಹುಟ್ಟಿದ್ದು, ಬೆನ್ನು ನೋವಿಗೆ ಆಪರೇಷನ್ ಆದದ್ದು, ಕೋರ್ಟಿಗೆ ಹೋದದ್ದು, ಹಣ ಕಡಿಮೆ ಬಂದದ್ದು. ನೆನಪಾಗದಿದ್ದರೆ ಫೋನಿನ ಫೋಟೋ ನೋಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ, ಅಮ್ಮನಿಗೆ ಕಳಿಸಿದ ಮೆಸೇಜ್ ನೋಡಿ. ಆಪರೇಷನ್ ತಾರೀಖು ನನಗೆ ಸಿಕ್ಕಿದ್ದು ಅಮ್ಮ ಕಳಿಸಿದ್ದ "ಹುಷಾರಾಗಿರು" ಅನ್ನುವ ಮೆಸೇಜಿನಿಂದ.

ಈಗ ಯಾವ ತಿಂಗಳು ಎಣಿಕೆಗೆ ಬರಬಾರದು ಅಂತ ನೋಡಿ.

ಕಾಯಿಲೆ ಅಥವಾ ಗಾಯದಿಂದ ಕನಿಷ್ಠ 30 ದಿನ ಕೆಲಸ ಮಾಡಲಾಗದೆ ಇದ್ದ ತಿಂಗಳುಗಳು ಬರಬಾರದು. ಇಲ್ಲಿ ವೈದ್ಯರ ಮಾತೇ ಮುಖ್ಯ, ಆದ್ದರಿಂದ ಕಾಗದ ಹೇಗಿದೆ ಅನ್ನುವುದು ಬಹಳ ಮುಖ್ಯ. ನನ್ನ ಮೊದಲ ಚೀಟಿಯಲ್ಲಿ "ವಿಶ್ರಾಂತಿ ಬೇಕು" ಅಂತ ಒಂದೇ ಸಾಲಿತ್ತು. ಅದರಿಂದ ಏನೂ ಆಗಲಿಲ್ಲ. ಎರಡನೇ ಸಲ ಕೌಂಟಿಯ ಸಿಡಬ್ಲ್ಯೂ 61 ಫಾರಂ ತಗೊಂಡು ಹೋದೆ. ಯಾವ ದಿನದಿಂದ ಯಾವ ದಿನದವರೆಗೆ, ಏನು ಮಾಡಲಾಗುವುದಿಲ್ಲ, ಎಷ್ಟು ಹೊತ್ತು ನಿಲ್ಲಬಹುದು, ಎಷ್ಟು ಭಾರ ಎತ್ತಬಹುದು ಅಂತ ಬರೆಸಿಕೊಂಡೆ. ಅದು ನಡೆಯಿತು. ಎರಡು ತಿಂಗಳು ಹೋಯಿತು ಲೆಕ್ಕದಿಂದ.

ಮನೆಯಲ್ಲಿ ಕಾಯಿಲೆಯವರನ್ನೋ ಅಂಗವಿಕಲ ಮಗುವನ್ನೋ ನೋಡಿಕೊಳ್ಳುತ್ತಾ ಕೆಲಸಕ್ಕೆ ಹೋಗಲಾಗದೆ ಇದ್ದರೂ ಹಾಗೆಯೇ. ನಿಮಗೆ 60 ವರ್ಷ ತುಂಬಿದ್ದರೂ ಹಾಗೆಯೇ. ಎರಡು ವರ್ಷ ತುಂಬದ ಮಗುವನ್ನು ನೋಡಿಕೊಳ್ಳಲು ಸಿಗುವ ಎಕ್ಸೆಂಪ್ಷನ್ ಒಂದಿದೆ. ಅದು ಜೀವಮಾನಕ್ಕೆ ಒಂದೇ ಸಲ. ಇನ್ನೊಂದು ಮಗು ಆಗುವ ಯೋಚನೆ ಇದ್ದರೆ ಯಾವಾಗ ಬಳಸಬೇಕು ಅಂತ ಮೊದಲೇ ಯೋಚಿಸಿ.

ಆಮೇಲೆ ಸ್ಯಾಂಕ್ಷನ್ ತಿಂಗಳುಗಳು. ನಮ್ಮವರಿಗೆ ಈ ಪದವೇ ದಾರಿ ತಪ್ಪಿಸುತ್ತದೆ. ಊರಲ್ಲಿ ಲೋನ್ ಸ್ಯಾಂಕ್ಷನ್ ಆಯಿತು ಅಂದರೆ ಹಣ ಮಂಜೂರಾಯಿತು ಅಂತ. ನನಗೆ "ಸ್ಯಾಂಕ್ಷನ್" ಅನ್ನುವ ಪತ್ರ ಬಂದಾಗ ನಾನು ಸಮಾಧಾನದಿಂದ ಮಲಗಿದೆ. ಮುಂದಿನ ತಿಂಗಳು ಹಣ ಕಡಿಮೆ ಬಂತು. ಇಲ್ಲಿ ಸ್ಯಾಂಕ್ಷನ್ ಅಂದರೆ ಶಿಕ್ಷೆ. ತರಬೇತಿಗೋ ಅಪಾಯಿಂಟ್‌ಮೆಂಟಿಗೋ ಹೋಗಲಿಲ್ಲ ಅಂತ ನಿಮ್ಮ ಪಾಲನ್ನು ಕತ್ತರಿಸುವುದು. ಹೀಗೆ ನಿಮ್ಮ ಪಾಲು ಬರದ ತಿಂಗಳು ನಿಮ್ಮ ಗಡಿಯಾರದಲ್ಲಿ ಸೇರಬಾರದು. ನನ್ನ ಮೂರು ಸ್ಯಾಂಕ್ಷನ್ ತಿಂಗಳುಗಳು ಸೇರಿಹೋಗಿದ್ದವು. ತೋರಿಸಿದ ಕೂಡಲೇ ತೆಗೆದರು.

ಇದಕ್ಕೆ ಅಂಟಿಕೊಂಡ ಇನ್ನೊಂದು ಪದ ಗುಡ್ ಕಾಸ್. ಕಾರು ಕೆಟ್ಟಿತ್ತು, ಡೇಕೇರ್ ಸಿಗಲಿಲ್ಲ ಅಂತ ಹೇಳಿದರೆ ಕೌಂಟಿ ಒಪ್ಪಿ ಶಿಕ್ಷೆ ಬಿಡಬಹುದು. ಆದರೆ ಬರೀ ಗುಡ್ ಕಾಸ್ ಸಿಕ್ಕರೆ ಗಡಿಯಾರ ನಿಲ್ಲುವುದಿಲ್ಲ. ಕೇಸ್‌ವರ್ಕರ್ "ಪರವಾಗಿಲ್ಲ, ಈ ತಿಂಗಳು ಬರಬೇಡಿ" ಅಂದರೆ, "ನನ್ನ ಗಡಿಯಾರ ನಿಂತಿದೆಯಾ?" ಅಂತ ಆಗಲೇ ಕೇಳಿ.

ಮಕ್ಕಳ ತಂದೆ ಕೊಡುವ ಚೈಲ್ಡ್ ಸಪೋರ್ಟ್ ಕೂಡ ನೋಡಿ. ನೀವು ನೆರವಿನಲ್ಲಿ ಇರುವಾಗ ಆ ಹಣದ ಹೆಚ್ಚಿನ ಭಾಗವನ್ನು ಸರ್ಕಾರ ಇಟ್ಟುಕೊಳ್ಳುತ್ತದೆ. 2022ರಿಂದ ನಿಮ್ಮ ಕೈಗೆ ಬರುವುದು ಒಂದು ಮಗುವಿದ್ದರೆ ತಿಂಗಳಿಗೆ 100 ಡಾಲರ್ ತನಕ, ಎರಡು ಅಥವಾ ಜಾಸ್ತಿ ಮಕ್ಕಳಿದ್ದರೆ 200 ಡಾಲರ್ ತನಕ. ಹಾಗೆ ಇಟ್ಟುಕೊಂಡ ಹಣ ನಿಮಗೆ ಕೊಟ್ಟ ನೆರವನ್ನು ಪೂರ್ತಿ ತೀರಿಸಿದ್ದರೆ ಆ ತಿಂಗಳುಗಳನ್ನು ವಾಪಸ್ ಕೊಡಬೇಕು. ಇದನ್ನು ಯಾರೂ ತಾವಾಗಿ ಹೇಳಿದ್ದು ನಾನು ಕಂಡಿಲ್ಲ. ಕೇಳಲೇಬೇಕು. ಇದೇ ರೀತಿ ಸಂಬಳ ಬಂದು ನಿಮ್ಮ ನೆರವು 10 ಡಾಲರಿಗಿಂತ ಕೆಳಗಿಳಿದು ಹಣವೇ ಬರದ ತಿಂಗಳು ಎಣಿಕೆಗಿಲ್ಲ. ಆದರೆ 40 ಡಾಲರ್ ಬಂದರೂ ಪೂರ್ತಿ ಒಂದು ತಿಂಗಳು ಖರ್ಚಾದಂತೆ. ಅಷ್ಟು ಸಣ್ಣ ಹಣಕ್ಕೆ ತಿಂಗಳು ಕಳೆದುಕೊಳ್ಳಬೇಕಾ ಅಂತ ಯೋಚಿಸಿ. ನನ್ನ ಕೇಳಿದರೆ ಆ ಹಣ ಬೇಡ, ತಿಂಗಳು ಉಳಿಸಿಕೊಳ್ಳಿ. ಬಿಡುವ ಮುಂಚೆ ಡೇಕೇರ್ ನೆರವು ಏನಾಗುತ್ತದೆ ಅಂತ ಮಾತ್ರ ಖಚಿತ ಮಾಡಿಕೊಳ್ಳಿ.

ಮನೆಯಲ್ಲಿ ಹೊಡೆತ ಬಡಿತ ಇದ್ದಿದ್ದರೆ

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಏಕೆಂದರೆ ನಮ್ಮವರು ಇದನ್ನೇ ಮುಚ್ಚಿಡುತ್ತಾರೆ.

ನಾನು ಮನೆ ಬಿಟ್ಟಾಗ ಚಿಕ್ಕವನು ಹೊಟ್ಟೆಯಲ್ಲಿದ್ದ. ಕೌಂಟಿಯ ಮೊದಲ ಭೇಟಿಯಲ್ಲಿ "ಮನೆಯಲ್ಲಿ ಸುರಕ್ಷಿತವಾಗಿದ್ದಿರಾ?" ಅಂತ ಕೇಳಿದರು. "ಹೂಂ, ಸುಮ್ನೆ ಹೊಂದಾಣಿಕೆ ಆಗಲಿಲ್ಲ" ಅಂದೆ. ನಾಲ್ಕು ಜನ ಏನಂದಾರು ಅನ್ನುವ ಭಯ ಅಷ್ಟು ದೂರ ಬಂದರೂ ಬಿಟ್ಟಿರಲಿಲ್ಲ. ಆ ಒಂದು ಉತ್ತರದಿಂದ ಒಂಬತ್ತು ತಿಂಗಳು ನನ್ನ ಲೆಕ್ಕಕ್ಕೆ ಸೇರಿದವು. ಆ ಒಂಬತ್ತು ತಿಂಗಳು ನಾನು ಮನೆ ಬದಲಿಸುತ್ತಾ, ಕೋರ್ಟಿಗೆ ಅಲೆಯುತ್ತಾ, ನಿದ್ದೆ ಇಲ್ಲದೆ ಕಳೆದಿದ್ದೆ.

ಕಾನೂನು ಹೀಗಿದೆ: ದೌರ್ಜನ್ಯಕ್ಕೆ ಒಳಗಾದವರಿಗೆ ಕೆಲಸ ಹುಡುಕುವ ನಿಯಮವನ್ನೂ ತಿಂಗಳ ಮಿತಿಯನ್ನೂ ಕೌಂಟಿ ಸಡಿಲಿಸಬಹುದು. ಈಗಲ್ಲ, ಹಿಂದೆ ಆಗಿದ್ದು ಅಂದರೂ ಅದರ ಪರಿಣಾಮ ನಿಮ್ಮ ಮೇಲೆ ಇದ್ದರೆ ಕೇಳಬಹುದು. ಪೊಲೀಸ್ ದೂರು ಕಡ್ಡಾಯ ಅಲ್ಲ. ಪ್ರಮಾಣ ಮಾಡಿ ನೀವೇ ಬರೆದು ಸಹಿ ಹಾಕಿದ ಹೇಳಿಕೆ ಸಾಕು. ನಂಬಲು ಆಗುವುದಿಲ್ಲ ಅಂತ ಕೌಂಟಿಗೆ ಅನಿಸಿದರೆ ಅದಕ್ಕೆ ಕಾರಣವನ್ನು ಅವರೇ ಬರವಣಿಗೆಯಲ್ಲಿ ಕೊಡಬೇಕು. ಇಷ್ಟಾದರೂ ಇರುವ ಪುರಾವೆ ಸೇರಿಸಿ. ಕೋರ್ಟಿನ ಆದೇಶ, ವೈದ್ಯರ ದಾಖಲೆ, ಕೌನ್ಸೆಲರ್ ಪತ್ರ, ಆ ದಿನಗಳಲ್ಲಿ ನಿಮ್ಮನ್ನು ಮನೆಯಲ್ಲಿ ಇಟ್ಟುಕೊಂಡ ಗೆಳತಿಯ ಪತ್ರ, ಎಲ್ಲವೂ ನಡೆಯುತ್ತದೆ.

ಹೇಳಿಕೆ ಬರೆಯುವುದು ಕಷ್ಟ. ನಾನು ಮೊದಲು ಕನ್ನಡದಲ್ಲಿ ಬರೆದೆ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ "ಸಮಸ್ಯೆ ಇತ್ತು" ಅನ್ನುವುದಕ್ಕಿಂತ ಮುಂದೆ ಹೋಗಲು ಆಗುತ್ತಿರಲಿಲ್ಲ. ಕನ್ನಡದಲ್ಲಿ ನಡೆದದ್ದು ನಡೆದ ಹಾಗೆ ಬಂತು. ಆಮೇಲೆ ಅನುವಾದ ಮಾಡಿಸಿದೆ. ನೀವೂ ಹಾಗೇ ಮಾಡಿ. ತಿಂಗಳು, ನಡೆದ ಘಟನೆ, ಅದರಿಂದ ಕೆಲಸಕ್ಕೋ ತರಗತಿಗೋ ಹೋಗಲು ಏಕೆ ಆಗಲಿಲ್ಲ, ಈ ಮೂರು ಇರಲಿ. ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಆದರೆ ಅಧಿಕಾರಿ ಹುಡುಕುವುದು ಅದನ್ನೇ.

ಬೇ ಏರಿಯಾದಲ್ಲಿ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಮೈತ್ರಿ, ನಾರಿಕಾ ಅನ್ನುವ ಸಂಸ್ಥೆಗಳಿವೆ. ಅತ್ತೆ ಮನೆ, ವರದಕ್ಷಿಣೆ, ಪಾಸ್‌ಪೋರ್ಟ್ ಬಚ್ಚಿಡುವುದು ಅಂದರೆ ಏನು ಅಂತ ಅಲ್ಲಿ ವಿವರಿಸಿ ಹೇಳಬೇಕಾಗಿಲ್ಲ.

ಕೇಳುವುದು ಹೇಗೆ

ಹಳೆಯ ಮತ್ತು ಈಗಿನ ತಿಂಗಳುಗಳನ್ನು ತೆಗೆಸಲು ಇರುವ ಫಾರಂ ಸಿಡಬ್ಲ್ಯೂ 2186ಎ. 60 ಮುಗಿದ ಮೇಲೆ ಮುಂದುವರಿಸಲು ಸಿಡಬ್ಲ್ಯೂ 2190ಎ. ಎರಡನ್ನೂ ಕೌಂಟಿ ಕೊಡಬೇಕು. ತುಂಬಿದ ಮೇಲೆ ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ತಾರೀಖಿನ ಸೀಲ್ ಹಾಕಿಸಿಕೊಳ್ಳಿ. ಬೆನಿಫಿಟ್ಸ್‌ಕ್ಯಾಲ್ ವೆಬ್‌ಸೈಟಿನಲ್ಲಿ ಹಾಕಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನನ್ನ ಒಂದು ಕಾಗದ ಕಳೆದುಹೋಯಿತು ಅಂದಾಗ ಆ ಸೀಲೇ ನನ್ನನ್ನು ಉಳಿಸಿತು.

ಕನ್ನಡ ದುಭಾಷಿ ಬೇಕು ಅಂತ ಕೇಳಿ. ಉಚಿತ. ಫೋನಿನಲ್ಲಿ ಒಬ್ಬರನ್ನು ಸೇರಿಸುತ್ತಾರೆ. ನೀವು ಹಿಂದಿ ಮಾತಾಡುತ್ತೀರಿ ಅಂತ ಅವರಾಗಿಯೇ ಅಂದುಕೊಂಡು ಹಿಂದಿಯವರನ್ನು ಹಾಕಿದರೆ ಒಪ್ಪಬೇಡಿ. "ಕನ್ನಡ" ಅಂತ ಸ್ಪಷ್ಟವಾಗಿ ಹೇಳಿ, ಕಡತದಲ್ಲಿ ಬರೆಸಿ. ಮಕ್ಕಳನ್ನು ದುಭಾಷಿ ಮಾಡಬೇಡಿ. ಏಳು ವರ್ಷದ ಮಗಳ ಬಾಯಲ್ಲಿ ನಾನು ಒಮ್ಮೆ ಹಾಗೆ ಹೇಳಿಸಿದೆ. ಅವಳ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಎಕ್ಸ್‌ಟೆಂಡರ್ ಸಿಗುವ ಕಾರಣಗಳು ಕಡಿಮೆ. 60 ವರ್ಷ ದಾಟಿರುವುದು, ಕಾಯಿಲೆಯವರ ಆರೈಕೆ, ಅಂಗವೈಕಲ್ಯದ ನೆರವು ಪಡೆಯುತ್ತಿದ್ದು ಕೆಲಸ ಮಾಡಲಾಗದಿರುವುದು, ದೌರ್ಜನ್ಯ, ಮತ್ತೆ ಕೆಲಸ ಉಳಿಸಿಕೊಳ್ಳಲು ಆಗದ ಸ್ಥಿತಿಯಲ್ಲಿದ್ದಾರೆ ಅಂತ ಕೌಂಟಿಯೇ ಪರಿಶೀಲಿಸಿ ಒಪ್ಪಿರುವುದು. ಬರೀ "ಎಷ್ಟು ಹುಡುಕಿದರೂ ಕೆಲಸ ಸಿಗಲಿಲ್ಲ" ಅನ್ನುವುದು ಕಾರಣ ಆಗುವುದಿಲ್ಲ. ಇದು ಅನ್ಯಾಯ ಅಂತ ನನಗೆ ಅನಿಸುತ್ತದೆ, ಆದರೆ ನಿಯಮ ಹಾಗಿದೆ. ಆ ಕೊನೆಯ ಕಾರಣಕ್ಕೆ ನೀವು ಹಿಂದೆ ತರಬೇತಿಗೆ ಸರಿಯಾಗಿ ಬಂದಿದ್ದೀರಿ, ಸಹಕರಿಸಿದ್ದೀರಿ ಅನ್ನುವ ದಾಖಲೆ ಬೇಕು. ಹಾಜರಿ ಹಾಳೆ, ಕೆಲಸಕ್ಕೆ ಅರ್ಜಿ ಹಾಕಿದ ಇಮೇಲ್, ಸಂದರ್ಶನದ ತಾರೀಖು ಎಲ್ಲವನ್ನೂ ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಹಾಕುತ್ತಾ ಹೋಗಿ. ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿದ್ದರೆ ಒಬ್ಬರಿಗೆ ಕಾರಣ ಇದ್ದರೆ ಸಾಲದು. ಇಬ್ಬರಿಗೂ ಇರಬೇಕು.

ಇಲ್ಲ ಅಂದರೆ

ನಿರ್ಧಾರ ಬರುವುದು ನೋಟಿಸ್ ಆಫ್ ಆಕ್ಷನ್ ಅನ್ನುವ ಪತ್ರದಲ್ಲಿ. ಅದರ ಮೇಲೆ ಎರಡು ದಿನಾಂಕ ಹುಡುಕಿ. ಪತ್ರದ ದಿನಾಂಕ ಒಂದು, ಬದಲಾವಣೆ ಜಾರಿಯಾಗುವ ದಿನಾಂಕ ಇನ್ನೊಂದು. ರಾಜ್ಯದ ಹಿಯರಿಂಗ್, ಅಂದರೆ ವಿಚಾರಣೆ, ಕೇಳಲು 90 ದಿನ ಇರುತ್ತದೆ. ಆದರೆ ಜಾರಿಯಾಗುವ ದಿನಕ್ಕೆ ಮುಂಚೆಯೇ ಕೇಳಿದರೆ ತೀರ್ಪು ಬರುವ ತನಕ ಹಣ ನಿಲ್ಲುವುದಿಲ್ಲ. ಈ ಎರಡನೇ ದಿನಾಂಕವೇ ನಿಜವಾದ ಗಡುವು ಅಂತ ತಿಳಿಯಿರಿ. ಸೋತರೆ ಆ ನಡುವೆ ಬಂದ ಹಣವನ್ನು ವಾಪಸ್ ಕೇಳಬಹುದು. ಇದನ್ನೂ ತಿಳಿದೇ ನಿರ್ಧರಿಸಿ.

ನಾನು ಜನವರಿ 19ಕ್ಕೆ ಕೇಳಿದೆ. ಜಾರಿ ದಿನ ಫೆಬ್ರವರಿ 1. ಹಿಯರಿಂಗ್ ಆದದ್ದು ಮಾರ್ಚ್‌ನಲ್ಲಿ, ಫೋನಿನಲ್ಲಿ, ಕನ್ನಡ ದುಭಾಷಿಯ ಜೊತೆ. ಅದಕ್ಕೂ ಎರಡು ಕೆಲಸದ ದಿನ ಮುಂಚೆ ಕೌಂಟಿ ತನ್ನ ವಾದದ ಬರಹವನ್ನು ಕೊಡಬೇಕು. ಅದನ್ನು ತರಿಸಿಕೊಂಡು ಓದಿ. ನನ್ನ ಕೇಸಿನಲ್ಲಿ "ಮೊದಲ ಭೇಟಿಯಲ್ಲಿ ದೌರ್ಜನ್ಯ ಇಲ್ಲ ಅಂದಿದ್ದರು" ಅನ್ನುವುದೇ ಅವರ ವಾದವಾಗಿತ್ತು. ಓದಿದ್ದರಿಂದ ಉತ್ತರ ತಯಾರಿತ್ತು. ಭಯದಿಂದ ಹಾಗೆ ಹೇಳಿದೆ, ಆಗ ದುಭಾಷಿ ಇರಲಿಲ್ಲ, ಇಗೋ ಆ ತಿಂಗಳುಗಳ ಕೋರ್ಟ್ ಕಾಗದ ಅಂದೆ. ನ್ಯಾಯಾಧೀಶರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಒಂಬತ್ತು ತಿಂಗಳು ವಾಪಸ್ ಬಂದವು.

ಹಿಯರಿಂಗಿಗೆ ಮುಂಚೆ ಕೌಂಟಿಯವರು ಫೋನ್ ಮಾಡಿ ರಾಜಿಗೆ ಕರೆಯಬಹುದು. ಒಳ್ಳೆಯದೇ, ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಆದರೆ ಅವರು ಒಪ್ಪಿದ್ದು ಬರವಣಿಗೆಯಲ್ಲಿ ಬರುವ ತನಕ ನಿಮ್ಮ ಅರ್ಜಿಯನ್ನು ವಾಪಸ್ ತಗೋಬೇಡಿ. ಉಚಿತ ಕಾನೂನು ನೆರವಿನವರನ್ನು ಮೊದಲೇ ಹುಡುಕಿ. ಇಲ್ಲಿ ಬೇ ಏರಿಯಾ ಲೀಗಲ್ ಏಡ್ ಇದೆ. ಬೇರೆ ಕಡೆ ಇರುವವರು ಲಾಹೆಲ್ಪ್‌ಸಿಎ ವೆಬ್‌ಸೈಟಿನಲ್ಲಿ ತಮ್ಮ ಕೌಂಟಿ ಹಾಕಿ ನೋಡಬಹುದು.

ವೀಸಾ ವಿಷಯ. ಎಚ್-1ಬಿ ಕೆಲಸದ ವೀಸಾದಲ್ಲಿ, ಅವರ ಕುಟುಂಬದವರ ಎಚ್-4 ವೀಸಾದಲ್ಲಿ ಇರುವ ದೊಡ್ಡವರಿಗೆ ಈ ನೆರವು ಇಲ್ಲ. ಇಲ್ಲೇ ಹುಟ್ಟಿದ ಮಗುವಿಗೆ ಮಾತ್ರ ಸಿಗಬಹುದು, ಆ ಮಗುವಿನ ಪಾಲಿಗೆ ಗಡಿಯಾರವೂ ಇಲ್ಲ. ಗ್ರೀನ್ ಕಾರ್ಡ್ ಇನ್ನೂ ಬರಬೇಕಿದ್ದರೆ ಅರ್ಜಿ ಹಾಕುವ ಮುಂಚೆ ವಲಸೆ ವಕೀಲರನ್ನು ಕೇಳಿ, ಗೆಳತಿಯರನ್ನಲ್ಲ.

ನಾಚಿಕೆಯ ಬಗ್ಗೆ ಒಂದು ಮಾತು. ಅಮ್ಮ ಊರಿನಿಂದ ಫೋನ್ ಮಾಡಿದಾಗ "ಗೃಹಲಕ್ಷ್ಮಿ 2,000 ಬಂತು" ಅಂತ ಸಂತೋಷದಿಂದ ಹೇಳುತ್ತಾಳೆ. ಒಂದು ತಿಂಗಳು ತಡವಾದರೆ ಪಂಚಾಯಿತಿಗೆ ಹೋಗಿ ಕೇಳುತ್ತಾಳೆ. ಇಲ್ಲಿ ನಾವು ಅದೇ ಕೆಲಸಕ್ಕೆ ತಲೆ ತಗ್ಗಿಸುತ್ತೇವೆ. ಕೇಳಿ. ಅಮ್ಮ ಕೇಳುವ ಹಾಗೆ ಕೇಳಿ.

ಎಕ್ಸ್‌ಟೆಂಡರ್ ಸಿಕ್ಕರೆ ಅದು ಶಾಶ್ವತ ಅಲ್ಲ. ಕೌಂಟಿ ಮತ್ತೆ ಮತ್ತೆ ಪರಿಶೀಲಿಸುತ್ತದೆ. ಆರು ತಿಂಗಳಿಗೊಮ್ಮೆ ಕೊಡುವ ಎಸ್‌ಎಆರ್ 7 ವರದಿಯನ್ನು ತಪ್ಪಿಸಿದರೂ ಹಣ ನಿಲ್ಲುತ್ತದೆ. ಪತ್ರದಲ್ಲಿ ಇರುವ ಮುಂದಿನ ಪರಿಶೀಲನೆಯ ತಿಂಗಳನ್ನು ಈಗಲೇ ಫೋನಿನಲ್ಲಿ ಹಾಕಿ, ಅದಕ್ಕೆ ಎರಡು ತಿಂಗಳು ಮುಂಚೆ ಅಲಾರಂ ಇಡಿ. ವೈದ್ಯರ ಅಪಾಯಿಂಟ್‌ಮೆಂಟ್ ಸಿಗಲು ಅಷ್ಟು ದಿನ ಬೇಕೇ ಬೇಕು.